ಇಮೇಲ್‌ಗೆ ಡಿಜಿಟಲ್ ಸಹಿ ಹಾಕಿ, ಓದುವವರಿಗೆ ಹೊರೆ ಆಗದ ಹಾಗೆ

ಪ್ರಶ್ನೆ: ನಾವು ಸುಮಾರು ಅರವತ್ತು ಜನ ಸೇರಿ ಒಂದು ಮುಕ್ತ ಸಾಫ್ಟ್‌ವೇರ್‌ಗೆ ಕೆಲಸ ಮಾಡುತ್ತೇವೆ. ಮಾತುಕತೆಯೆಲ್ಲ ಇಮೇಲ್‌ನಲ್ಲೇ, ಎಲ್ಲರಿಗೂ ಹೋಗುವ ಒಂದೇ ಗುಂಪು ವಿಳಾಸಕ್ಕೆ. ನಾನು ಕಳಿಸುವ ಪ್ರತಿ ಇಮೇಲ್‌ಗೂ ಪಿಜಿಪಿ ಸಹಿ (ನಾನೇ ಬರೆದದ್ದು, ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸುವ ಡಿಜಿಟಲ್ ಗುರುತು) ಹಾಕುತ್ತೇನೆ. ಹೋದ ವಾರ ಒಬ್ಬರು "ಈ ಅಕ್ಷರಗಳ ರಾಶಿ ಕಳಿಸೋದು ನಿಲ್ಲಿಸಿ" ಅಂತ ಎಲ್ಲರೆದುರು ಬರೆದರು. ಇನ್ನೊಬ್ಬರು "ನಿಮ್ಮ ಸಹಿ ತಪ್ಪು ಅಂತ ಬರ್ತಿದೆ, ಇದು ನೀವೇ ಬರೆದದ್ದಾ?" ಅಂತ ಕೇಳಿದರು. ನನ್ನ ಕಂಪ್ಯೂಟರ್‌ನಲ್ಲಿ ಅದೇ ಸಹಿ ಸರಿ ಅಂತಲೇ ತೋರಿಸುತ್ತದೆ. ಸಹಿ ಹಾಕೋದನ್ನೇ ಬಿಡಬೇಕಾ?

ಉತ್ತರ: ಬಿಡಬೇಡಿ. ಹಾಕುವ ರೀತಿ ಮಾತ್ರ ಬದಲಿಸಿ.

ನಿಮಗೆ ಬಂದ ಎರಡು ದೂರುಗಳನ್ನು ಒಟ್ಟಿಗೆ ಓದಿದರೆ ಕಾರಣ ಒಂದೇ ಅನ್ನಿಸುತ್ತದೆ. ನೀವು ಸಹಿಯನ್ನು ಬರಹದ ಒಳಗೇ ಸೇರಿಸಿ ಕಳಿಸುತ್ತಿದ್ದೀರಿ, ಅಂದರೆ ಇನ್‌ಲೈನ್ ಸಹಿ. ನಿಮ್ಮ ಇಮೇಲ್ "ಬಿಗಿನ್ ಪಿಜಿಪಿ ಸೈನ್ಡ್ ಮೆಸೇಜ್" ಅನ್ನುವ ಸಾಲಿನಿಂದ ಶುರುವಾಗುತ್ತದೆ, ಅದರ ಕೆಳಗೆ ಹ್ಯಾಶ್‌ನ, ಅಂದರೆ ಸಹಿಗೆ ಬಳಸಿದ ಲೆಕ್ಕದ ವಿಧಾನದ ಹೆಸರು, ಆಮೇಲೆ ನೀವು ಬರೆದದ್ದು, ಕೊನೆಗೆ ಅರ್ಥವಾಗದ ಅಕ್ಷರಗಳ ಕಟ್ಟು. ಪಿಜಿಪಿ ಬಳಸುವವರ ತಂತ್ರಾಂಶ ಇದನ್ನೆಲ್ಲ ಮರೆಮಾಡಿ ಒಂದು ಹಸಿರು ಗುರುತು ತೋರಿಸುತ್ತದೆ. ಬಳಸದವರಿಗೆ ಎಲ್ಲವೂ ಹಾಗೇ ಕಾಣುತ್ತದೆ. ನಿಮ್ಮ ಕೀ, ಅಂದರೆ ಸಹಿ ಹಾಕಲು ಬಳಸುವ ಗುಟ್ಟಿನ ಸಂಖ್ಯೆ, 4096 ಬಿಟ್‌ನ ಆರ್‌ಎಸ್‌ಎ ಅನ್ನೋ ಬಗೆಯದಾಗಿದ್ದರೆ ಆ ಕಟ್ಟು ಒಂದೇ ಸುಮಾರು ಹದಿನೈದು ಸಾಲು. "ಸರಿ, ನಾಳೆ ನೋಡ್ತೀನಿ" ಅನ್ನೋ ಒಂದು ಸಾಲಿನ ಉತ್ತರಕ್ಕೆ ಹದಿನೈದು ಸಾಲಿನ ಬಾಲ. ಇಮೇಲ್ ಶಿಷ್ಟಾಚಾರದ ಬಗ್ಗೆ 1995ರಲ್ಲಿ ಬಂದ ಆರ್‌ಎಫ್‌ಸಿ 1855 ಅನ್ನೋ ಇಂಟರ್ನೆಟ್ ದಾಖಲೆ ಹೆಸರು, ವಿಳಾಸ ಇರುವ ಮಾಮೂಲಿ ಸಹಿಯೇ ನಾಲ್ಕು ಸಾಲು ದಾಟಬಾರದು ಅನ್ನುತ್ತದೆ. ದೂರಿದವರ ದನಿ ಸ್ವಲ್ಪ ಒರಟು, ಆದರೆ ಅವರ ಕಷ್ಟ ನಿಜವಾದದ್ದು. ಫೋನಿನ ಸಣ್ಣ ತೆರೆಯಲ್ಲಿ ಓದುವವರಿಗಂತೂ ನಿಮ್ಮ ಮಾತು ಎಲ್ಲಿ ಶುರುವಾಯಿತು ಅಂತ ಹುಡುಕಬೇಕಾಗುತ್ತದೆ.

ಇನ್‌ಲೈನ್ ಸಹಿಗೆ ಇನ್ನೊಂದು ತೊಂದರೆ ಇದೆ, ಕಳಿಸುವವರಿಗೆ ಅದು ಕಾಣುವುದೇ ಇಲ್ಲ. ಅಡ್ಡಗೆರೆಯಿಂದ ಶುರುವಾಗುವ ಪ್ರತಿ ಸಾಲಿನ ಮುಂದೆ ಪಿಜಿಪಿ ಇನ್ನೊಂದು ಅಡ್ಡಗೆರೆ ಮತ್ತು ಖಾಲಿ ಜಾಗ ಸೇರಿಸುತ್ತದೆ. ಸಹಿಯ ಗಡಿಯ ಸಾಲುಗಳೂ ಅಡ್ಡಗೆರೆಯಿಂದಲೇ ಶುರುವಾಗುವುದರಿಂದ, ಒಳಗಿನ ಬರಹ ಗಡಿಯ ಜೊತೆ ಗೊಂದಲ ಆಗಬಾರದು ಅಂತ ಈ ಏರ್ಪಾಡು. ಈಗ ಎರಡು ಅಡ್ಡಗೆರೆ, ಒಂದು ಖಾಲಿ ಜಾಗ ಇರುವ ಸಾಲನ್ನು ನೆನಪಿಸಿಕೊಳ್ಳಿ. ಇಮೇಲ್ ತಂತ್ರಾಂಶಗಳು ಅದನ್ನು ನೋಡಿಯೇ "ಇದರ ಕೆಳಗಿರುವುದು ಹೆಸರು-ವಿಳಾಸ, ಉತ್ತರ ಬರೆಯುವಾಗ ಇದನ್ನು ಬಿಟ್ಟುಬಿಡಬೇಕು" ಅಂತ ತಿಳಿದುಕೊಳ್ಳುತ್ತವೆ. ನಿಮ್ಮ ಇಮೇಲ್‌ನಲ್ಲಿ ಆ "-- " ಹೋಗಿ "- -- " ಆಗಿರುತ್ತದೆ. ಗುರುತು ಸಿಗುವುದಿಲ್ಲ. ಆಗ ನಿಮಗೆ ಉತ್ತರ ಬರೆಯುವ ಪ್ರತಿಯೊಬ್ಬರ ಇಮೇಲ್‌ನಲ್ಲೂ ನಿಮ್ಮ ಹೆಸರು, ನಿಮ್ಮ ಅಕ್ಷರಗಳ ಕಟ್ಟು, ಎಲ್ಲ ಉಲ್ಲೇಖವಾಗಿ ಮತ್ತೆ ಮತ್ತೆ ಸುತ್ತುತ್ತಿರುತ್ತದೆ.

ನಿಮ್ಮದು ಸಾಫ್ಟ್‌ವೇರ್ ಗುಂಪು ಅಂದಿರಿ. ಹಾಗಾದರೆ ಕೋಡ್ ಬದಲಾವಣೆಗಳನ್ನೂ, ಅಂದರೆ ಪ್ಯಾಚ್‌ಗಳನ್ನೂ, ಇಮೇಲ್‌ನಲ್ಲಿ ಕಳಿಸುತ್ತಿರಬಹುದು. ಪ್ಯಾಚ್‌ನಲ್ಲಿ ತೆಗೆದುಹಾಕಿದ ಸಾಲುಗಳೆಲ್ಲ ಶುರುವಾಗುವುದೇ ಅಡ್ಡಗೆರೆಯಿಂದ, ಅಲ್ವಾ? ಇನ್‌ಲೈನ್ ಸಹಿ ಹಾಕಿದ ತಕ್ಷಣ ಅವೆಲ್ಲ ಬದಲಾಗುತ್ತವೆ, ಆ ಪ್ಯಾಚ್ ನೇರವಾಗಿ ಕೂರುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ದಾಖಲೆಗಳಲ್ಲಿ ಪ್ಯಾಚ್ ಇರುವ ಇಮೇಲ್‌ಗೆ ಪಿಜಿಪಿ ಸಹಿ ಹಾಕಬೇಡಿ, ಪ್ಯಾಚ್ ಓದುವ ಸ್ಕ್ರಿಪ್ಟ್‌ಗಳು ಕೆಡುತ್ತವೆ ಅಂತ ನೇರವಾಗಿ ಬರೆದಿದ್ದಾರೆ. ಕರ್ನಲ್‌ನವರಿಗೆ ಸಹಿಯ ಬೆಲೆ ಗೊತ್ತಿಲ್ಲ ಅಂತಲ್ಲ. 2011ರಲ್ಲಿ ಅವರ ಸರ್ವರ್‌ಗಳಿಗೆ ಕನ್ನ ಬಿದ್ದ ಮೇಲೆ ಅವರು ಪಿಜಿಪಿ ಕೀಗಳ ಮೇಲೆಯೇ ಒಬ್ಬರ ಕೀಗೆ ಇನ್ನೊಬ್ಬರು ಸಾಕ್ಷಿ ಹೇಳುವ ನಂಬಿಕೆಯ ಜಾಲ ಕಟ್ಟಿಕೊಂಡರು. ಅವರು ಸಹಿಯನ್ನು ಗಿಟ್ ಟ್ಯಾಗ್‌ನಲ್ಲಿ, ಅಂದರೆ ಕೋಡ್‌ನ ಆವೃತ್ತಿಗೆ ಹಾಕುವ ಗುರುತಿನಲ್ಲಿ, ಇಡುತ್ತಾರೆ. ಇಮೇಲ್‌ನಲ್ಲೇ ಬೇಕು ಅನ್ನುವವರಿಗೆ ಪ್ಯಾಟ್ಯಾಟ್ ಅನ್ನೋ ಸಾಧನ ಇದೆ, ಅದು ಸಹಿಯನ್ನು ಇಮೇಲ್‌ನ ಹೆಡರ್‌ನಲ್ಲಿ, ಅಂದರೆ ವಿಳಾಸ, ದಿನಾಂಕ ಇರುವ ಮೇಲಿನ ಭಾಗದಲ್ಲಿ, ಇಡುತ್ತದೆ. ಪ್ಯಾಚ್‌ನ ಒಂದು ಅಕ್ಷರವೂ ಬದಲಾಗುವುದಿಲ್ಲ, ಓದುವವರ ಕಣ್ಣಿಗೂ ಬೀಳುವುದಿಲ್ಲ, ಬೇಕಾದವರು ಪರಿಶೀಲಿಸಬಹುದು. ಇಮೇಲ್ ಸಹಿ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಈಗ ಎರಡನೇ ದೂರು. ನಿಮ್ಮಲ್ಲಿ ಸರಿ, ಅವರಲ್ಲಿ ತಪ್ಪು, ಯಾಕೆ? ನಿಮ್ಮ ತಂತ್ರಾಂಶ ಬಹುಶಃ "ಕಳಿಸಿದ್ದು" ಫೋಲ್ಡರ್‌ನಲ್ಲಿರುವ ಪ್ರತಿಯನ್ನು ನೋಡುತ್ತಿದೆ, ಅದು ದಾರಿಯಲ್ಲಿ ಹೋಗಿ ಬಂದದ್ದಲ್ಲ. ಸಹಿ ಹಾಕುವುದು ಅಕ್ಷರಗಳಿಗಲ್ಲ, ಅಕ್ಷರಗಳ ಹಿಂದಿರುವ ಬೈಟ್‌ಗಳಿಗೆ. ಒಂದು ಬೈಟ್ ಬದಲಾದರೂ ಸಹಿ ಮುರಿಯುತ್ತದೆ. ದಾರಿಯಲ್ಲಿ ಬದಲಾಯಿಸುವವರು ಬೇಕಾದಷ್ಟಿದ್ದಾರೆ. ಉದ್ದ ಸಾಲುಗಳನ್ನು ಮುರಿಯುವ ಸರ್ವರ್‌ಗಳಿವೆ. ಇಂಗ್ಲಿಷ್‌ನಲ್ಲಿ "ಫ್ರಮ್" ಅನ್ನುವ ಪದದಿಂದ ಶುರುವಾಗುವ ಸಾಲಿನ ಮುಂದೆ ">" ಗುರುತು ಹಾಕುವ ಹಳೆಯ ಅಭ್ಯಾಸ ಕೆಲವು ತಂತ್ರಾಂಶಗಳಿಗೆ ಇನ್ನೂ ಇದೆ.

ಕನ್ನಡದಲ್ಲಿ ಬರೆಯುವ ನಮಗೆ ಇದು ಇನ್ನೂ ಹತ್ತಿರದ ವಿಷಯ. "ಕೊ" ಅನ್ನೋ ಅಕ್ಷರವನ್ನೇ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಇದನ್ನು ಎರಡು ರೀತಿ ಇಡಬಹುದು. ಕ ಮತ್ತು ಒಂದೇ ಗುರುತಾಗಿ ಒ-ಸ್ವರ ಅನ್ನೋದು ಒಂದು ರೀತಿ, ಕ ಮತ್ತು ಎ-ಸ್ವರ ಮತ್ತು ಊ-ಸ್ವರ ಅಂತ ಬಿಡಿಸಿ ಇಡುವುದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ, ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಬೈಟ್‌ಗಳು ಮಾತ್ರ ಬೇರೆ. ದಾರಿಯಲ್ಲಿ ಯಾವುದಾದರೂ ತಂತ್ರಾಂಶ ಒಂದು ರೂಪವನ್ನು ಇನ್ನೊಂದಕ್ಕೆ ಬದಲಿಸಿತು ಅಂದರೆ ಸಹಿ ಹೋಯಿತು, ಯಾಕೆ ಹೋಯಿತು ಅಂತ ಯಾರ ಕಣ್ಣಿಗೂ ತಿಳಿಯುವುದಿಲ್ಲ. "ಇಮೇಲ್‌ಗೆ" ಅನ್ನೋ ಪದದಲ್ಲಿ ಲ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಅದು ಇಲ್ಲದಿದ್ದರೆ "ಇಮೇಲ್ಗೆ" ಅಂತ ಒತ್ತಕ್ಷರ ಆಗುತ್ತದೆ. ಬೇಡದ ಅಕ್ಷರ ಅಂತ ಯಾವುದೋ ತಂತ್ರಾಂಶ ಅದನ್ನು ಗುಡಿಸಿ ಹಾಕಿದರೂ ಸಹಿ ಮುರಿಯುತ್ತದೆ. ನಿಮ್ಮ ಗುಂಪಿನವರಿಗೆ ಆಗಿರುವುದು ಇಂಥದ್ದೇ ಏನೋ ಒಂದು ಅಂತ ನನ್ನ ಊಹೆ.

ಇದಕ್ಕೆಲ್ಲ ಪರಿಹಾರ ಪಿಜಿಪಿ ಮೈಮ್. ಹೊಸದೇನಲ್ಲ, ಆರ್‌ಎಫ್‌ಸಿ 3156 ಬಂದದ್ದು 2001ರಲ್ಲಿ. ಇದರಲ್ಲಿ ಇಮೇಲ್ ಎರಡು ಭಾಗ ಆಗುತ್ತದೆ. ಮೊದಲ ಭಾಗ ನಿಮ್ಮ ಬರಹ, ಶುದ್ಧವಾಗಿ, ಹಿಂದೆ ಮುಂದೆ ಏನೂ ಅಂಟಿಕೊಳ್ಳದೆ. ಎರಡನೇ ಭಾಗ ಸಹಿ, "ಸಿಗ್ನೇಚರ್ ಡಾಟ್ ಎಎಸ್‌ಸಿ" ಅನ್ನುವ ಸಣ್ಣ ಅಟ್ಯಾಚ್‌ಮೆಂಟ್. ಪಿಜಿಪಿ ಗೊತ್ತಿಲ್ಲದವರಿಗೆ ಒಂದು ಅಟ್ಯಾಚ್‌ಮೆಂಟ್ ಗುರುತು ಕಾಣುತ್ತದೆ ಅಷ್ಟೇ. ಇದರ ಇನ್ನೊಂದು ಒಳ್ಳೆಯ ಗುಣ ಏನಂದರೆ, ಸಹಿ ಹಾಕುವ ಮೊದಲೇ ಬರಹವನ್ನು ಏಳು ಬಿಟ್‌ನ ಸಾದಾ ಅಕ್ಷರಗಳಿಗೆ ಇಳಿಸಲೇಬೇಕು ಅನ್ನೋ ನಿಯಮ ಇದೆ. ನಮ್ಮ "ಕ" ಯುಟಿಎಫ್-8ರಲ್ಲಿ ಮೂರು ಬೈಟ್, ಕೋಟೆಡ್ ಪ್ರಿಂಟೆಬಲ್ ರೂಪಕ್ಕೆ ಬಂದಾಗ ಒಂಬತ್ತು ಸಾದಾ ಅಕ್ಷರ. ಜಾಗ ಜಾಸ್ತಿ ಹಿಡಿಯುತ್ತದೆ, ಆದರೆ ದಾರಿಯಲ್ಲಿ ಯಾರೂ ಅದರ ಸ್ವರ ಬಿಡಿಸುವುದಿಲ್ಲ, ಸಾಲು ಮುರಿಯುವುದಿಲ್ಲ.

"ಹಾಗಿದ್ದರೆ ಇಷ್ಟು ವರ್ಷ ಜನ ಇನ್‌ಲೈನ್ ಯಾಕೆ ಬಳಸಿದರು?" ಅಂತ ಕೇಳಬಹುದು. ಆಗ ಕಾರಣ ಇತ್ತು. ಔಟ್‌ಲುಕ್ ಎಕ್ಸ್‌ಪ್ರೆಸ್ ಅನ್ನೋ ಹಳೆಯ ಇಮೇಲ್ ತಂತ್ರಾಂಶದಲ್ಲಿ ಪಿಜಿಪಿ ಮೈಮ್ ಇಮೇಲ್ ತೆರೆದರೆ ಬರಹದ ಜಾಗ ಖಾಲಿ ಕಾಣುತ್ತಿತ್ತು, ಬರಹ ಅಟ್ಯಾಚ್‌ಮೆಂಟ್ ಆಗಿ ಕೆಳಗೆ ಕೂತಿರುತ್ತಿತ್ತು. ಅದನ್ನು ಬಳಸುವವರೇ ಜಾಸ್ತಿ ಇದ್ದ ಕಾಲ ಅದು. ಹಾಗಾಗಿ ಇನ್‌ಲೈನ್ ಬಳಸುವುದೇ ಮರ್ಯಾದೆ ಅನ್ನುವ ಮಾತಿತ್ತು, ಆ ಸಲಹೆ ಇನ್ನೂ ಹಳೆಯ ಪುಟಗಳಲ್ಲಿ ಹಾಗೇ ಉಳಿದುಕೊಂಡಿದೆ. ಈಗ ಆ ತಂತ್ರಾಂಶ ಇಲ್ಲ, ಸಲಹೆಯನ್ನೂ ಬಿಡಬಹುದು. ಥಂಡರ್‌ಬರ್ಡ್ ಅನ್ನೋ ಇಮೇಲ್ ತಂತ್ರಾಂಶಕ್ಕೆ 2020ರಿಂದ ಓಪನ್ ಪಿಜಿಪಿ ಒಳಗೇ ಬಂದಿದೆ, ಎನಿಗ್‌ಮೇಲ್ ಅನ್ನೋ ಹೆಚ್ಚುವರಿ ಸಾಧನ ಸೇರಿಸಿಕೊಳ್ಳುವ ಅಗತ್ಯ ಇಲ್ಲ, ಅದು ಸಹಿ ಹಾಕುವುದೂ ಪಿಜಿಪಿ ಮೈಮ್‌ನಲ್ಲೇ.

ಕೀ ಬದಲಿಸುವ ಯೋಚನೆ ಇದ್ದರೆ ಎಡ್ 25519 ಅನ್ನೋ ಬಗೆಯದನ್ನು ಮಾಡಿಕೊಳ್ಳಿ. ಪಿಜಿಪಿ ಕೆಲಸ ಮಾಡುವ ಮುಕ್ತ ತಂತ್ರಾಂಶ ಜಿಎನ್‌ಯುಪಿಜಿಯಲ್ಲಿ 2.3ನೇ ಆವೃತ್ತಿಯಿಂದ ಹೊಸ ಕೀಗೆ ಅದೇ ಮಾಮೂಲಿ ಆಯ್ಕೆ. ಸಹಿ ಮೂರು ನಾಲ್ಕು ಸಾಲಿಗೆ ಮುಗಿಯುತ್ತದೆ. ಆಫೀಸುಗಳಲ್ಲಿ ಬಳಸುವ ಎಸ್‌ಮೈಮ್ ಅನ್ನೋ ಇನ್ನೊಂದು ಸಹಿ ಪದ್ಧತಿ ಕೂಡ ಕೆಟ್ಟದ್ದಲ್ಲ, ಆದರೆ ಅದು ಪ್ರತಿ ಇಮೇಲ್ ಜೊತೆ ಸರ್ಟಿಫಿಕೇಟ್‌ಗಳನ್ನೂ ಹೊತ್ತುಕೊಂಡು ಹೋಗುವುದರಿಂದ ಕೆಲವು ಕೆಬಿ ಭಾರ ಆಗುತ್ತದೆ. ಒಂದು ಸಾಲಿನ ಉತ್ತರಗಳು ಓಡಾಡುವ ಗುಂಪಿಗೆ ನನ್ನ ಆಯ್ಕೆ ಅದಲ್ಲ. ಥಂಡರ್‌ಬರ್ಡ್‌ನಲ್ಲಿ ಸಹಿ ಹಾಕುವಾಗ ಪಬ್ಲಿಕ್ ಕೀಯನ್ನೂ (ನಿಮ್ಮ ಸಹಿ ಪರಿಶೀಲಿಸಲು ಬೇರೆಯವರಿಗೆ ಬೇಕಾದ ಕೀ) ಅಂಟಿಸುವ ಆಯ್ಕೆ ಇದೆ, ಗುಂಪಿಗೆ ಬರೆಯುವಾಗ ಅದನ್ನು ತೆಗೆದುಬಿಡಿ. ಅರವತ್ತು ಜನರಿಗೆ ಅದೇ ಕೀಯನ್ನು ದಿನಕ್ಕೆ ಹತ್ತು ಸಲ ಕೊಡಬೇಕಾಗಿಲ್ಲ.

ಇನ್ನು ಎಲ್ಲ ಇಮೇಲ್‌ಗೂ ಹಾಕಬೇಕಾ, ಮುಖ್ಯವಾದದ್ದಕ್ಕೆ ಮಾತ್ರ ಸಾಕಾ? ಇದರಲ್ಲಿ ಜಾಣರೇ ಎರಡು ಪಕ್ಷ. ಎಲ್ಲದಕ್ಕೂ ಹಾಕಿ ಅನ್ನುವವರ ವಾದ ಹೀಗೆ: ಯಾವಾಗಲೂ ಸಹಿ ಇದ್ದರೆ, ಒಂದು ದಿನ ಸಹಿ ಇಲ್ಲದ ಇಮೇಲ್ ಬಂದಾಗ ಜನರಿಗೆ ಅನುಮಾನ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನನ್ನ ಅನುಭವದಲ್ಲಿ ಸಹಿ ಇಲ್ಲ ಅನ್ನೋದನ್ನು ಜನ ಗಮನಿಸುವುದೇ ಇಲ್ಲ. ನೀವು ಫೋನಿನಿಂದ ಅವಸರದಲ್ಲಿ ಒಂದು ಉತ್ತರ ಕಳಿಸುತ್ತೀರಿ, ಅದರಲ್ಲಿ ಸಹಿ ಇರುವುದಿಲ್ಲ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿಗೆ ಆ ವಾದ ಮುಗಿಯಿತು.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಸಹಿ ಹಾಕಿದ ಮಾತು ವರ್ಷಗಟ್ಟಲೆ ಸಾಕ್ಷಿಯಾಗಿ ಉಳಿಯುತ್ತದೆ. ಸಿಟ್ಟಿನಲ್ಲಿ ಬರೆದದ್ದು, ಅರ್ಧ ಯೋಚಿಸಿ ಬರೆದದ್ದು, ಮರುದಿನ ಬದಲಾದ ಅಭಿಪ್ರಾಯ, ಎಲ್ಲವೂ "ಇದು ಇವರ ಕೀಯಿಂದಲೇ ಬಂದದ್ದು" ಅಂತ ಯಾರು ಬೇಕಾದರೂ ತೋರಿಸಬಹುದಾದ ರೂಪದಲ್ಲಿ ಇರುತ್ತವೆ. ಎದುರು ಬದುರು ಕೂತು ಆಡುವ ಮಾತಿಗೆ ಯಾರೂ ಸಹಿ ಹಾಕುವುದಿಲ್ಲ, ಅದಕ್ಕೇ ಮನುಷ್ಯರು ಬಿಚ್ಚಿ ಮಾತಾಡುತ್ತಾರೆ. ಗುಂಪಿನಲ್ಲಿ ಬಾಯಿಬಿಟ್ಟು ಯೋಚಿಸುವ ಜಾಗವೂ ಬೇಕು.

ಹಾಗಾಗಿ ನಾನು ನಡೆದುಕೊಳ್ಳುವುದು ಹೀಗೆ. ನನ್ನ ಮಾತು ನಂಬಿ ಇನ್ನೊಬ್ಬರು ಏನಾದರೂ ಮಾಡಲಿದ್ದಾರೆ ಅಂದರೆ ಸಹಿ ಹಾಕುತ್ತೇನೆ: ಹೊಸ ಆವೃತ್ತಿಯ ಪ್ರಕಟಣೆ, ಭದ್ರತೆಯ ಎಚ್ಚರಿಕೆ, ಯಾರಿಗೋ ಸರ್ವರ್‌ನ ಪ್ರವೇಶ ಕೊಡಿ ಅಥವಾ ತೆಗೆಯಿರಿ ಅನ್ನೋ ಮಾತು, ಮತ, ಕೀ ಬದಲಾವಣೆ. ಡೆಬಿಯನ್ ಅನ್ನೋ ಮುಕ್ತ ಸಾಫ್ಟ್‌ವೇರ್ ಯೋಜನೆಯಲ್ಲಿ ಡೆವಲಪರ್‌ಗಳು ಮತ ಹಾಕುವುದೇ ಸಹಿ ಇರುವ ಇಮೇಲ್‌ನಲ್ಲಿ, ಸಹಿ ಇಲ್ಲದ ಮತ ಎಣಿಕೆಗೆ ಬರುವುದಿಲ್ಲ. ಅಲ್ಲಿ ಸಹಿಗೆ ಕೆಲಸ ಇದೆ, ಹಾಗಾಗಿ ಯಾರೂ ಅದನ್ನು ಕಸ ಅನ್ನುವುದಿಲ್ಲ. ಜೊತೆಗೆ, ಯಾರಾದರೂ ಸಹಿ ಹಾಕಿ ನನಗೆ ಬರೆದರೆ ನನ್ನ ಉತ್ತರಕ್ಕೂ ಹಾಕುತ್ತೇನೆ. ಮಟ್‌ನಂಥ ಇಮೇಲ್ ತಂತ್ರಾಂಶದಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಇದೆ, ಒಂದು ಸಲ ಹಾಕಿಟ್ಟರೆ ಆಯಿತು. ನಿಮಗೆ ಎಲ್ಲದಕ್ಕೂ ಹಾಕುವುದೇ ಸಮಾಧಾನ ಅಂದರೆ ಹಾಗೇ ಮಾಡಿ, ಪಿಜಿಪಿ ಮೈಮ್ ಆದರೆ ಯಾರಿಗೂ ತೊಂದರೆ ಇಲ್ಲ. ಒಂದು ದಿನ ಇದೆ, ಒಂದು ದಿನ ಇಲ್ಲ ಅನ್ನೋ ಹಾಗೆ ಮಾತ್ರ ಮಾಡಬೇಡಿ. ಪರಿಶೀಲಿಸುವವರಿಗೆ ಆಗ ತಲೆಬುಡ ತಿಳಿಯುವುದಿಲ್ಲ.

ಈಗ ಹೇಳುವುದನ್ನು ಸಾವಧಾನವಾಗಿ ಓದಿ. ಸಹಿ ಸಾಮಾನ್ಯವಾಗಿ ಇಮೇಲ್‌ನ ಬರಹಕ್ಕೆ ಮಾತ್ರ ಅನ್ವಯಿಸುತ್ತದೆ. ವಿಷಯದ ಸಾಲಿಗಲ್ಲ, ಯಾರಿಗೆ ಕಳಿಸಿದ್ದು ಅನ್ನೋದಕ್ಕಲ್ಲ, ಮೇಲೆ ಕಾಣುವ ದಿನಾಂಕಕ್ಕೂ ಅಲ್ಲ. ಸಹಿಯೊಳಗೆ ಅದನ್ನು ಹಾಕಿದ ಸಮಯ ಇರುತ್ತದೆ ನಿಜ, ಆದರೆ ಅದನ್ನು ತೆರೆದು ನೋಡುವವರು ಅಪರೂಪ. ಥಂಡರ್‌ಬರ್ಡ್‌ನಂಥವು ವಿಷಯದ ಸಾಲಿನ ಒಂದು ಪ್ರತಿಯನ್ನು ಸಹಿಯ ಒಳಗೂ ಇಡುತ್ತವೆ, ಓದುವವರ ತಂತ್ರಾಂಶ ಅದನ್ನು ಗಮನಿಸದಿದ್ದರೆ ಏನು ಉಪಯೋಗ?

ನನಗೇ ಆದದ್ದು ಹೇಳುತ್ತೇನೆ. ಒಂದು ಗುಂಪಿನಲ್ಲಿ ಹಳೆಯ ಪರೀಕ್ಷಾ ಸರ್ವರ್‌ನ ಡೇಟಾ ತೆಗೆಯಬಹುದಾ ಅಂತ ಕೇಳಿದ್ದರು. ನಾನು "ಹೌದು, ಅಳಿಸಿ" ಅಂತ ಬರೆದು ಸಹಿ ಹಾಕಿ ಕಳಿಸಿದೆ. ಪ್ರಶ್ನೆ ಇದ್ದದ್ದು ವಿಷಯದ ಸಾಲಿನಲ್ಲಿ, ನನ್ನ ಬರಹದಲ್ಲಿ ಇದ್ದದ್ದು ಎರಡೇ ಪದ. ಎರಡು ವಾರದ ನಂತರ ಯಾರೋ ಅದೇ ಇಮೇಲನ್ನು ಬೇರೊಂದು ವಿಷಯದ ಸಾಲಿನ ಕೆಳಗೆ ಮುಂದಕ್ಕೆ ಕಳಿಸಿದರು, ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಎರಡು ಮಾತುಕತೆ ಬೆರೆತುಹೋಗಿತ್ತು. ಅದು ಇನ್ನೊಂದು ಸರ್ವರ್ ನೋಡಿಕೊಳ್ಳುವವರ ಕೈಗೆ ಹೋಯಿತು. ಅವರ ತೆರೆಯ ಮೇಲೆ ನನ್ನ ಹೆಸರು, ಹಸಿರು ಗುರುತು, "ಹೌದು, ಅಳಿಸಿ". ಸಹಿ ನೂರಕ್ಕೆ ನೂರು ಸರಿ ಇತ್ತು! ಅವರು ಫೋನ್ ಮಾಡಿ "ಇದನ್ನಾ?" ಅಂತ ಒಂದು ಮಾತು ಕೇಳಿದ್ದರಿಂದ ಡೇಟಾ ಉಳಿಯಿತು.

ಅವತ್ತಿನಿಂದ ಸಹಿ ಹಾಕುವ ಇಮೇಲ್‌ನಲ್ಲಿ ಯಾವ ಗುಂಪಿಗೆ, ಯಾವುದರ ಬಗ್ಗೆ, ಯಾವ ದಿನ ಅನ್ನೋದನ್ನು ಬರಹದ ಒಳಗೇ ಬರೆಯುತ್ತೇನೆ. "ಹೌದು" ಅಂತ ಬರೆಯುವುದಿಲ್ಲ. "ಪರೀಕ್ಷಾ ಸರ್ವರ್‌ನಲ್ಲಿರುವ ಹಳೆಯ ಡೇಟಾವನ್ನು ಅಳಿಸಲು ಇವತ್ತು, ಇಂಥ ದಿನಾಂಕದಂದು, ನನ್ನ ಒಪ್ಪಿಗೆ ಇದೆ" ಅಂತ ಪೂರ್ತಿ ಬರೆಯುತ್ತೇನೆ. ಉದ್ದ ಆಗುತ್ತದೆ, ಆಗಲಿ.

ಉಲ್ಲೇಖದ ವಿಷಯವೂ ಇದರ ಜೊತೆಗೇ ಬರುತ್ತದೆ. ಇನ್ನೊಬ್ಬರ ಮಾತನ್ನು ಕೆಳಗೆ ಇಟ್ಟುಕೊಂಡು ಉತ್ತರ ಬರೆದು ಸಹಿ ಹಾಕಿದರೆ ಅವರ ಮಾತಿನ ಮೇಲೂ ನಿಮ್ಮ ಸಹಿ ಬೀಳುತ್ತದೆ. ಅವರ ಸಹಿ ಅಲ್ಲಿಗೆ ಬರುವುದಿಲ್ಲ, ಉಲ್ಲೇಖದ ">" ಗುರುತು ಸೇರಿದ ಕೂಡಲೇ ಅದು ಮುರಿದಿರುತ್ತದೆ. ಅಂದರೆ ಅವರು ನಿಜವಾಗಿ ಹಾಗೆ ಅಂದಿದ್ದರಾ ಅನ್ನೋದಕ್ಕೆ ನಿಮ್ಮ ಸಹಿ ಸಾಕ್ಷಿ ಅಲ್ಲ, ಆದರೂ ಓದುವವರಿಗೆ ಹಾಗನ್ನಿಸುತ್ತದೆ. ಬೇಕಾದ ಎರಡು ಸಾಲು ಉಳಿಸಿಕೊಂಡು ಮಿಕ್ಕಿದ್ದು ಕತ್ತರಿಸಿ, ಅವರ ಸಹಿಯ ಕಟ್ಟು ಇದ್ದರೆ ಅದನ್ನಂತೂ ಪೂರ್ತಿ ತೆಗೆಯಿರಿ. ಬರಹ ಸಾದಾ ಪಠ್ಯದಲ್ಲೇ ಇರಲಿ. ಎಚ್‌ಟಿಎಂಎಲ್ ಇಮೇಲ್‌ನಲ್ಲಿ ಸಹಿ ಸರಿಯಾಗಿರುವಂತೆ ತೆರೆಯ ಮೇಲೆ ನಟಿಸಲು ಎಷ್ಟು ದಾರಿಗಳಿವೆ ಅಂತ 2019ರಲ್ಲಿ ಸಂಶೋಧಕರು ಹಲವು ತಂತ್ರಾಂಶಗಳಲ್ಲಿ ಮಾಡಿಯೇ ತೋರಿಸಿದರು. ಹಸಿರು ಗುರುತನ್ನೇ ಚಿತ್ರವಾಗಿ ಬರೆದುಬಿಡಬಹುದು.

ಸಹಿ ಹಾಕಿದ ಮೇಲೆ ನಿಮ್ಮ ಪಬ್ಲಿಕ್ ಕೀ ಸುಲಭವಾಗಿ ಸಿಗುವ ಹಾಗೆ ಇಡುವುದು ನಿಮ್ಮ ಜವಾಬ್ದಾರಿ. ಕೀ ಸಿಗದ ಸಹಿ ಅಂದರೆ ಬಾಗಿಲಿಲ್ಲದ ಬೀಗ. ಕೀಸ್ ಡಾಟ್ ಓಪನ್ ಪಿಜಿಪಿ ಡಾಟ್ ಆರ್ಗ್ ಅನ್ನೋ ಕೀಸರ್ವರ್‌ಗೆ (ಎಲ್ಲರ ಪಬ್ಲಿಕ್ ಕೀ ಇಡುವ ಸರ್ವರ್) ಹಾಕಿ, ಅಲ್ಲಿ ಇಮೇಲ್ ವಿಳಾಸ ದೃಢಪಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ವಿಳಾಸದಿಂದ ಹುಡುಕಿದವರಿಗೆ ಸಿಗುವುದಿಲ್ಲ. ಗುಂಪಿಗೆ ಸ್ವಂತ ವೆಬ್‌ಸೈಟ್ ಇದ್ದರೆ ಎಲ್ಲರ ಕೀ ಅಲ್ಲಿ ಒಂದೇ ಕಡೆ ಇರಲಿ. ಕೊಡುವಾಗ ಪೂರ್ತಿ ಫಿಂಗರ್‌ಪ್ರಿಂಟ್, ಅಂದರೆ ಕೀಯನ್ನು ಗುರುತಿಸುವ ಸಂಖ್ಯೆ, ಕೊಡಿ, ಎಲ್ಲ 40 ಅಂಕೆ-ಅಕ್ಷರ. ಕೊನೆಯ 8 ಮಾತ್ರ ಕೊಡುವ ಅಭ್ಯಾಸ ಒಂದು ಕಾಲದಲ್ಲಿ ಇತ್ತು, ಈಗ ಬಿಡಲೇಬೇಕು. 2016ರಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಹೆಸರಿನಲ್ಲಿ, ಅವರ ಕೀಯ ಕೊನೆಯ 8ಕ್ಕೆ ಸರಿಯಾಗಿ ಹೊಂದುವ ನಕಲಿ ಕೀ ಕೀಸರ್ವರ್‌ಗಳಲ್ಲಿ ಸಿಕ್ಕಿತ್ತು. ಯಾವ ಹೆಸರಿನಲ್ಲಿ ಬೇಕಾದರೂ ಕೀ ಮಾಡಬಹುದು, ತಡೆಯುವವರು ಯಾರೂ ಇಲ್ಲ. ಹಸಿರು ಗುರುತು ಹೇಳುವುದು "ಈ ಕೀಯಿಂದ ಬಂದದ್ದು" ಅಂತ. ಆ ಕೀ ಯಾರದು ಅನ್ನೋದನ್ನು ಒಂದು ಸಲವಾದರೂ ಬೇರೆ ದಾರಿಯಲ್ಲಿ, ಎದುರು ಸಿಕ್ಕಾಗಲೋ ಫೋನಿನಲ್ಲೋ, ಓದಿ ಹೇಳಿ ನೋಡಿಕೊಳ್ಳಬೇಕು. ಪ್ರತಿ ಇಮೇಲ್‌ನ ಕೆಳಗೆ ಫಿಂಗರ್‌ಪ್ರಿಂಟ್ ಅಂಟಿಸಿದರೆ ಈ ಕೆಲಸ ಆಗುವುದಿಲ್ಲ, ಇಮೇಲನ್ನೇ ನಕಲು ಮಾಡುವವನಿಗೆ ಆ ಸಾಲು ನಕಲು ಮಾಡುವುದೇನು ಕಷ್ಟ?

ಕೀಗೆ ಅವಧಿ ಇಟ್ಟಿದ್ದರೆ ಮುಗಿಯುವ ಒಂದು ತಿಂಗಳ ಮೊದಲೇ ವಿಸ್ತರಿಸಿ ಮತ್ತೆ ಅಪ್‌ಲೋಡ್ ಮಾಡಿ. ವಿಸ್ತರಿಸಿ ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡರೆ ಉಳಿದವರಿಗೆ ಅವಧಿ ಮುಗಿದದ್ದೇ ಕಾಣುತ್ತದೆ. ಹೊಸ ಕೀ ಮಾಡಿದರೆ ಆ ಸುದ್ದಿಗೆ ಹಳೆಯದು ಮತ್ತು ಹೊಸದು ಎರಡರಿಂದಲೂ ಸಹಿ ಹಾಕಿ ಕಳಿಸಿ. ಕಳೆದುಹೋಗಿದ್ದರೆ ಅಥವಾ ಬೇರೆಯವರ ಕೈಗೆ ಸಿಕ್ಕಿದ್ದರೆ ಅದೇ ದಿನ ರದ್ದು ಮಾಡಿ ತಿಳಿಸಿ. ಜಿಎನ್‌ಯುಪಿಜಿ 2.1ರಿಂದ ಈಚೆಗೆ ಕೀ ಮಾಡುವಾಗಲೇ ರದ್ದತಿ ಪತ್ರವನ್ನೂ ತಾನೇ ಮಾಡಿಟ್ಟಿರುತ್ತದೆ. ಅದನ್ನು ಈಗಲೇ ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳಿ, ಡಿಸ್ಕ್ ಹೋದ ದಿನ ಅದೂ ಜೊತೆಗೇ ಹೋಗುತ್ತದೆ.

ಇನ್ನೊಬ್ಬರ ಕೀಗೆ ನೀವು ಸಹಿ ಹಾಕಿದರೆ, ಅಂದರೆ ಅದು ಅವರದೇ ಅಂತ ಸಾಕ್ಷಿ ಹೇಳಿದರೆ, ನೇರವಾಗಿ ಕೀಸರ್ವರ್‌ಗೆ ಎಸೆಯಬೇಡಿ. ಅವರಿಗೇ ಕಳಿಸಿ, ಹಾಕಬೇಕೋ ಬೇಡವೋ ಅವರು ನೋಡಿಕೊಳ್ಳಲಿ. ಯಾರು ಯಾರನ್ನು ಭೇಟಿಯಾಗಿದ್ದಾರೆ ಅನ್ನೋದು ಲೋಕಕ್ಕೆಲ್ಲ ತಿಳಿಯುವುದು ಎಲ್ಲರಿಗೂ ಇಷ್ಟ ಆಗುವುದಿಲ್ಲ. 2019ರಲ್ಲಿ ಕೆಲವರ ಕೀಗಳಿಗೆ ಸಾವಿರಗಟ್ಟಲೆ ಕಸದ ಸಹಿಗಳನ್ನು ತುಂಬಿ, ಅವನ್ನು ಇಳಿಸಿಕೊಂಡವರ ಜಿಎನ್‌ಯುಪಿಜಿಯೇ ಕೆಲಸ ಮಾಡದ ಹಾಗೆ ಮಾಡಿದ್ದರು. ಯಾರು ಬೇಕಾದರೂ ಯಾರ ಕೀಗಾದರೂ ಸಹಿ ಸೇರಿಸಬಹುದು ಅನ್ನೋ ಆ ಹಳೆಯ ಎಸ್‌ಕೆಎಸ್ ಕೀಸರ್ವರ್‌ಗಳನ್ನು ಒಟ್ಟುಗೂಡಿಸಿದ್ದ ಮುಖ್ಯ ವಿಳಾಸ 2021ರಲ್ಲಿ ನಿಂತೇಹೋಯಿತು.

ನಿಮ್ಮ ಗುಂಪಿನಲ್ಲಿ ಓದುವವರಿಗೂ ಎರಡು ಮಾತು ಇದೆ, ಅವರಿಗೆ ತೋರಿಸಿ. ಸಹಿ ಮುರಿದಿದೆ ಅಂದರೆ ಮೋಸ ಆಗಿದೆ ಅಂತ ಅರ್ಥ ಅಲ್ಲ, ಹೆಚ್ಚಿನ ಸಲ ದಾರಿಯಲ್ಲಿ ಏನೋ ಬದಲಾಗಿರುತ್ತದೆ. ಮುರಿದ ಸಹಿಯನ್ನು ಸಹಿಯೇ ಇಲ್ಲದ ಇಮೇಲ್ ಹಾಗೆ ನೋಡಿ, ಅದಕ್ಕಿಂತ ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಎಲ್ಲರೆದುರು "ಇದು ನೀವೇನಾ" ಅಂತ ಕೇಳುವುದಕ್ಕಿಂತ ಅವರೊಬ್ಬರಿಗೇ ಬರೆದು ಕೇಳಿ. ಆದರೆ ಆ ಇಮೇಲ್ ಏನಾದರೂ ಮಾಡಿ ಅಂತ ಕೇಳುತ್ತಿದ್ದರೆ, ಉತ್ತರ ಬರುವ ತನಕ ಮಾಡಬೇಡಿ. ಕೆಲವರು "ಸರ್ವರ್‌ಗಳೇ ಡಿಕೆಐಎಂ ಸಹಿ ಹಾಕುತ್ತವಲ್ಲ, ಇದೆಲ್ಲ ಯಾಕೆ" ಅನ್ನುತ್ತಾರೆ. ಡಿಕೆಐಎಂ ಹೇಳುವುದು ಯಾವ ಡೊಮೇನ್‌ನಿಂದ ಬಂತು ಅಂತ ಮಾತ್ರ. ನಿಮ್ಮ ಪಾಸ್‌ವರ್ಡ್ ಕದ್ದವನು ಕಳಿಸಿದ ಇಮೇಲ್‌ಗೂ ಅದು ಸರಿಯಾಗಿಯೇ ಇರುತ್ತದೆ.

ಇನ್ನು ನಿಮ್ಮ ಕೆಲಸ. ಇವತ್ತೇ ಇನ್‌ಲೈನ್ ತೆಗೆದು ಪಿಜಿಪಿ ಮೈಮ್ ಮಾಡಿ. ಅದಕ್ಕೆ ಮೊದಲು ನಿಮ್ಮ ಗುಂಪು ವಿಳಾಸ ನೋಡಿಕೊಳ್ಳುವವರ ಹತ್ತಿರ ಎರಡು ವಿಷಯ ಕೇಳಿ. ಬರುವ ಇಮೇಲ್‌ಗಳ ಅಟ್ಯಾಚ್‌ಮೆಂಟ್‌ಗಳನ್ನು ಸರ್ವರ್ ತೆಗೆದುಹಾಕುತ್ತದಾ? ಹಾಗಿದ್ದರೆ ಪಿಜಿಪಿ ಸಹಿಯ ಬಗೆಯನ್ನು ಬಿಡುವಂತೆ ಹೇಳಬೇಕು, ಇಲ್ಲದಿದ್ದರೆ ನಿಮ್ಮ ಸಹಿ ಯಾರಿಗೂ ತಲುಪುವುದಿಲ್ಲ. ಎಲ್ಲ ಇಮೇಲ್‌ಗಳ ಕೊನೆಗೆ ಗುಂಪಿನ ಅಡಿಬರಹ ಸೇರಿಸುತ್ತದಾ? ಸೇರಿಸುವುದಾದರೆ ಅದು ಬೇರೆ ಭಾಗವಾಗಿ ಸಹಿಯ ಹೊರಗೆ ಇರಬೇಕು, ನಿಮ್ಮ ಬರಹದೊಳಗೆ ತುರುಕಿದರೆ ಸಹಿ ಮತ್ತೆ ಮುರಿಯುತ್ತದೆ. ಆಮೇಲೆ ಕನ್ನಡದ ನಾಲ್ಕು ಸಾಲು ಬರೆದು ಗುಂಪಿಗೆ ಕಳಿಸಿ, ಅದರಲ್ಲಿ "ಕೊ"ವೂ ಇರಲಿ, "ಇಮೇಲ್‌ಗೆ" ಕೂಡ ಇರಲಿ, ಅಡ್ಡಗೆರೆಯಿಂದ ಶುರುವಾಗುವ ಒಂದು ಸಾಲೂ ಇರಲಿ. ಕಳಿಸಿದ್ದು ಫೋಲ್ಡರ್ ನೋಡಬೇಡಿ, ಗುಂಪಿನಿಂದ ನಿಮಗೇ ವಾಪಸ್ ಬಂದ ಪ್ರತಿಯನ್ನು ತೆರೆದು ನೋಡಿ. ವಾಪಸ್ ಬರದಿದ್ದರೆ, ಸಹಿ ತಪ್ಪು ಅಂತ ಬರೆದವರನ್ನೇ ಕೇಳಿ, ಅವರು ಗಮನ ಇಟ್ಟು ಓದುವವರು, ಖಂಡಿತ ನೋಡಿ ಹೇಳುತ್ತಾರೆ.

ಅಕ್ಷರಗಳ ರಾಶಿ ಅಂದವರಿಗೆ ಜಗಳದ ಉತ್ತರ ಬೇಡ. "ನಿಮ್ಮ ತೆರೆಯಲ್ಲಿ ಹಾಗೆ ಕಾಣುತ್ತಿದೆ ಅಂತ ಗೊತ್ತಿರಲಿಲ್ಲ, ಸರಿ ಮಾಡಿದ್ದೇನೆ, ಈಗ ಒಂದು ಸಣ್ಣ ಅಟ್ಯಾಚ್‌ಮೆಂಟ್ ಮಾತ್ರ ಕಾಣಬೇಕು, ಇಲ್ಲದಿದ್ದರೆ ತಿಳಿಸಿ" ಅಂತ ಬರೆಯಿರಿ. ಇಷ್ಟೆಲ್ಲ ಆದ ಮೇಲೂ ಯಾರಿಗಾದರೂ ಸಹಿ ತಪ್ಪು ಅಂತ ಬಂದರೆ, ಅವರ ಹತ್ತಿರ ಆ ಇಮೇಲ್‌ನ ಮೂಲರೂಪ ಉಳಿಸಿಕೊಡಲು ಹೇಳಿ, ನಿಮ್ಮ ಕಳಿಸಿದ ಪ್ರತಿಯ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಎಲ್ಲಿ ಬದಲಾಗಿದೆ ಅಂತ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಎರಡನ್ನೂ ನನಗೆ ಕಳಿಸಿ, ಒಟ್ಟಿಗೆ ನೋಡೋಣ.